ಬಡತನದಿಂದಲೇ ಭಯೋತ್ಪಾದನೆ ಹುಟ್ಟುತ್ತದೆಯೇ? ಯುದ್ಧದ ನಷ್ಟ ಲೆಕ್ಕ ಹಾಕುವುದು ಹೇಗೆ?

ಸುಮಾ ಕೆ.
ಬಡತನ ಇದ್ದಲ್ಲಿ ಯುದ್ಧ, ಭಯೋತ್ಪಾದನೆ ಎಂಬ ಮಾತನ್ನು ಎಲ್ಲ ಕಡೆ ಕೇಳುತ್ತೇವೆ. ಎರಡನೇ ಮಹಾಯುದ್ಧದಿಂದಲೇ ಅಮೆರಿಕ ಚೇತರಿಸಿಕೊಂಡಿತು ಎಂಬ ಮಾತೂ ಇದೆ. ಇವಕ್ಕೆ ಅಂಕಿ-ಅಂಶದ ಆಧಾರ ಇದೆಯೇ? ನಷ್ಟ ಎಂದರೆ ಹಾಳಾದ ಕಟ್ಟಡ, ಸೇತುವೆಗಳ ಬೆಲೆ ಕೂಡಿದರೆ ಸಾಕೇ?

ಗಿರೀಶ್
ಸುಮಾ ಅವರೇ, ಮೊದಲು ಅಂತರ್ಯುದ್ಧವನ್ನೂ ಭಯೋತ್ಪಾದನೆಯನ್ನೂ ಬೇರೆಬೇರೆ ಇಟ್ಟುಕೊಳ್ಳಿ. ಎರಡನ್ನೂ ಕಲಸಿದರೆ ಯಾವುದಕ್ಕೂ ಉತ್ತರ ಸಿಗುವುದಿಲ್ಲ.

ಅಂತರ್ಯುದ್ಧದಲ್ಲಿ ಆದಾಯದ ಪಾತ್ರ ದೊಡ್ಡದು. ತೊಡಕೆಂದರೆ, ಜಗಳದಿಂದ ಬಡತನ ಬಂತೋ ಬಡತನದಿಂದ ಜಗಳವೋ ಎಂದು ಬಿಡಿಸುವುದು ಕಷ್ಟ. ಮಿಗೆಲ್, ಸತ್ಯನಾಥ್, ಸರ್ಜೆಂಟಿ ಎಂಬ ಸಂಶೋಧಕರು 2004ರಲ್ಲಿ ಇದನ್ನು ಬಿಡಿಸಲು ಮಳೆಯ ಲೆಕ್ಕವನ್ನು ಬಳಸಿದರು. ಬಂದೂಕು ಹಿಡಿದವರು ಮಳೆಯನ್ನು ನಿಲ್ಲಿಸಲಾರರು. ಹಾಗಾಗಿ ಮಳೆ ಕೈಕೊಟ್ಟು ಆದಾಯ ಬಿದ್ದ ವರ್ಷಗಳನ್ನು ನೋಡಿದರೆ ಕಾರಣ ಯಾವುದೆಂದು ತಿಳಿಯುತ್ತದೆ. ಆಫ್ರಿಕಾದ 41 ದೇಶಗಳ ಲೆಕ್ಕದಲ್ಲಿ, ಆರ್ಥಿಕ ಬೆಳವಣಿಗೆ ದರ 5 ಶೇಕಡಾಂಶ ಕುಸಿದರೆ ಮರುವರ್ಷ ಸಂಘರ್ಷದ ಸಂಭವ ಮೊದಲಿದ್ದುದಕ್ಕಿಂತ ಅರ್ಧಪಟ್ಟು ಹೆಚ್ಚಿತು. ಮುಂದೆ ಅರ್ಥಶಾಸ್ತ್ರಜ್ಞ ಆಂಟೋನಿಯೊ ಚಿಕೋನೆ ಈ ವಿಧಾನವನ್ನು ಪ್ರಶ್ನಿಸಿದ್ದಾರೆ, ಅದನ್ನೂ ಓದಿ.

ಭಯೋತ್ಪಾದನೆಯ ಕಥೆ ಬೇರೆ. ಕ್ರೂಗರ್ ಮತ್ತು ಮಲೆಚ್ಕೋವಾ 2003ರಲ್ಲಿ ಲೆಬನಾನಿನ ಸಶಸ್ತ್ರ ಸಂಘಟನೆ ಹಿಜ್ಬುಲ್ಲಾದಲ್ಲಿದ್ದು ಸತ್ತ 129 ಮಂದಿಯ ಹಿನ್ನೆಲೆ ನೋಡಿದರು. ಅವರಲ್ಲಿ ಬಡವರ ಪ್ರಮಾಣ ದೇಶದ ಸರಾಸರಿಗಿಂತ ಸ್ವಲ್ಪ ಕಡಿಮೆಯೇ ಇತ್ತು, ಓದಿದವರು ಹೆಚ್ಚು. ಸೇರಲು ಬಂದವರಲ್ಲಿ ಸಂಘಟನೆ ಆರಿಸಿಕೊಳ್ಳುತ್ತದೆ ಎಂಬುದನ್ನು ಮರೆಯಬಾರದು. ಗಡಿ ದಾಟಿ, ಗುರುತು ಮರೆಸಿ ಕೆಲಸ ಮುಗಿಸಬಲ್ಲವರೇ ಅದಕ್ಕೆ ಬೇಕು. ಸಿಕ್ಕಿಬಿದ್ದವರ ಹಿನ್ನೆಲೆ ಮಾತ್ರ ನೋಡಿ, ಸೇರಲು ಬಂದವರೆಲ್ಲ ಹೀಗೇ ಎಂದು ತೀರ್ಮಾನಿಸಿದರೆ ತಪ್ಪಾಗುತ್ತದೆ.

ನಂದಿನಿ
ಆದಾಯ ಏರಿದರೆ ಶಾಂತಿ ಎನ್ನುವುದೂ ಪೂರ್ತಿ ನಿಜವಲ್ಲ. ಯಾವ ಸರಕಿನಿಂದ ಏರಿತು ನೋಡಬೇಕು. ದುಬೆ ಮತ್ತು ವರ್ಗಾಸ್ ಕೊಲಂಬಿಯಾದಲ್ಲಿ ಇದನ್ನು ತೋರಿಸಿದ್ದಾರೆ: ಕಾಫಿ ಬೆಲೆ ಬಿದ್ದಾಗ ಕಾಫಿ ಬೆಳೆಯುವ ಪ್ರದೇಶಗಳಲ್ಲಿ ಹಿಂಸೆ ಏರಿತು, ತೈಲದ ಬೆಲೆ ಏರಿದಾಗ ತೈಲ ಇರುವ ಕಡೆ ಹಿಂಸೆ ಏರಿತು. ಕಾಫಿಗೆ ಕೈಗಳು ಬೇಕು, ಬೆಲೆ ಬಿದ್ದರೆ ಕೂಲಿ ಬೀಳುತ್ತದೆ, ಆಗ ಬಂದೂಕಿನ ಸಂಬಳವೇ ಮೇಲೆನಿಸುತ್ತದೆ. ತೈಲಕ್ಕೆ ಕೈಗಳು ಕಡಿಮೆ ಸಾಕು. ಬೆಲೆ ಏರಿದರೆ ಕೂಲಿ ಏರುವುದಿಲ್ಲ, ಕಿತ್ತುಕೊಳ್ಳುವ ಗಂಟು ಮಾತ್ರ ದೊಡ್ಡದಾಗುತ್ತದೆ.

ಸುಮಾ ಕೆ.
ಈ ವ್ಯತ್ಯಾಸ ನನಗೆ ಹೊಳೆದೇ ಇರಲಿಲ್ಲ. ನಷ್ಟದ ಲೆಕ್ಕ?

ರಾಘವೇಂದ್ರ
ಕಟ್ಟಡದ ಬೆಲೆ ಕೂಡಿದರೆ ಸಾಲದು. ಕೂಡುವಾಗ ಆಗುವ ದೊಡ್ಡ ತಪ್ಪು ಎರಡು ಸಲ ಎಣಿಸುವುದು. ಕಾರ್ಖಾನೆಯ ಬೆಲೆ ಎಂದರೆ ಅದು ಮುಂದೆ ಕೊಡಲಿದ್ದ ಗಳಿಕೆಯೇ. ಕಟ್ಟಡದ ಬೆಲೆಯನ್ನೂ ತಪ್ಪಿದ ಉತ್ಪಾದನೆಯನ್ನೂ ಪೂರ್ತಿ ಕೂಡಿದರೆ ನಷ್ಟ ಉಬ್ಬುತ್ತದೆ. ಒಂದನ್ನು ಆರಿಸಿಕೊಳ್ಳಿ.

ಎರಡನೆಯದು, ಹಿಂಸೆಯೇ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬ ಹೋಲಿಕೆ. ಪ್ರತ್ಯೇಕತಾವಾದಿಗಳ ಭಯೋತ್ಪಾದನೆ ಕಂಡ ಸ್ಪೇನಿನ ಬಾಸ್ಕ್ ಪ್ರದೇಶಕ್ಕೆ ಅಬಾಡಿ ಮತ್ತು ಗಾರ್ಡೆಯಾಸಾಬಾಲ್ 2003ರಲ್ಲಿ ಹೀಗೆ ಮಾಡಿದರು: ಸ್ಪೇನಿನ ಇತರ ಪ್ರದೇಶಗಳನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿ, ಹಿಂಸೆಗೆ ಮುಂಚಿನ ಬಾಸ್ಕನ್ನು ಹೋಲುವ ಒಂದು ಕಾಲ್ಪನಿಕ ಬಾಸ್ಕ್ ಕಟ್ಟಿದರು. ನಿಜವಾದ ಬಾಸ್ಕಿನ ತಲಾ ಜಿಡಿಪಿ ಅದಕ್ಕಿಂತ ಸುಮಾರು 10 ಶೇಕಡಾಂಶ ಹಿಂದೆ ಬಿದ್ದಿತ್ತು. ಈ ನಷ್ಟ ಯಾವ ಒಡೆದ ಗೋಡೆಯಲ್ಲೂ ಕಾಣುವುದಿಲ್ಲ.

ಅಮೆರಿಕದ ಮಾತಿಗೆ ಬಂದರೆ, ನಿರುದ್ಯೋಗ 1940ರ ಶೇ. 14.6ರಿಂದ 1944ಕ್ಕೆ ಶೇ. 1.2ಕ್ಕೆ ಇಳಿದದ್ದು ನಿಜ. ಆದರೆ 1945ರ ಹೊತ್ತಿಗೆ ಸುಮಾರು 1.2 ಕೋಟಿ ಜನ ಸಮವಸ್ತ್ರದಲ್ಲಿದ್ದರು. 1942ರ ಫೆಬ್ರುವರಿಯಲ್ಲಿ ಸಾರ್ವಜನಿಕರಿಗೆ ಕಾರು ತಯಾರಿಸುವುದೇ ನಿಂತಿತು. ಸಕ್ಕರೆ, ಮಾಂಸ, ಪೆಟ್ರೋಲು ರೇಷನ್ನಿಗೆ ಬಂದವು. ಜಿಡಿಪಿಯಲ್ಲಿ ಟ್ಯಾಂಕೂ ಉತ್ಪಾದನೆಯೇ, ಮನೆಯಲ್ಲಿ ಅದನ್ನು ಯಾರೂ ಬಳಸಲಾರರು. ಏರಿದ ಅಂಕಿಯನ್ನು ಜನರ ನೆಮ್ಮದಿ ಎಂದು ಓದಬೇಡಿ.

ಹಣ ಎಲ್ಲಿಂದ ಬಂತು ಎಂಬುದನ್ನೂ ಕೇಳಿ. ತೆರಿಗೆ, ಸಾಲ, ನೋಟು ಮುದ್ರಣ, ಮೂರೇ ದಾರಿ. ಜರ್ಮನಿ ಮೊದಲ ಮಹಾಯುದ್ಧವನ್ನು ಬಹುಪಾಲು ಸಾಲದ ಮೇಲೆ ನಡೆಸಿತು. ಗೆದ್ದ ದೇಶಗಳಿಗೆ ಕೊಡಬೇಕಿದ್ದ ಯುದ್ಧ ಪರಿಹಾರದ ಹೊರೆ, ಜರ್ಮನಿಯ ಕೈಗಾರಿಕಾ ಪ್ರದೇಶ ರೂರ್ ಮೇಲೆ ಫ್ರಾನ್ಸ್, ಬೆಲ್ಜಿಯಂ ಸೇನೆಗಳ ಆಕ್ರಮಣ, ಮಿತಿಯಿಲ್ಲದ ಮುದ್ರಣ ಸೇರಿ 1923ರ ನವೆಂಬರಿನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ಆಯಿತು. ಯುದ್ಧದ ಬಾಂಡ್ (ಸರ್ಕಾರದ ಸಾಲಪತ್ರ) ಕೊಂಡಿದ್ದ ಸಾಮಾನ್ಯ ಕುಟುಂಬಗಳ ಉಳಿತಾಯ ಅಲ್ಲಿಗೆ ಮಣ್ಣುಪಾಲು.

ಇನ್ನು ಪಿಂಚಣಿ. ಯುದ್ಧ ಮುಗಿದರೂ ಈ ಖರ್ಚು ಮುಗಿಯುವುದಿಲ್ಲ. 1865ರಲ್ಲಿ ಮುಗಿದ ಅಮೆರಿಕದ ಅಂತರ್ಯುದ್ಧದ ಕೊನೆಯ ಪಿಂಚಣಿ ನಿಂತದ್ದು 2020ರಲ್ಲಿ, ಸೈನಿಕನೊಬ್ಬನ ಮಗಳು ತೀರಿಕೊಂಡಾಗ. ತಿಂಗಳಿಗೆ 73.13 ಡಾಲರ್ ಬರುತ್ತಿತ್ತು.

ನಂದಿನಿ
ವಿಮೆಯನ್ನೂ ಸೇರಿಸಿ. 2001ರ ಸೆಪ್ಟೆಂಬರ್ 11ರ ದಾಳಿಗೆ ಸಂಚುಕೋರರು ಮಾಡಿದ ಖರ್ಚು 4ರಿಂದ 5 ಲಕ್ಷ ಡಾಲರ್ ಎಂದು ತನಿಖಾ ಆಯೋಗ ಹೇಳಿತು. ವಿಮಾ ಕಂಪನಿಗಳಿಗೆ ಬಿದ್ದ ಹೊರೆ 3,000 ಕೋಟಿ ಡಾಲರ್ ದಾಟಿತು. ಮರುವಿಮೆ, ಅಂದರೆ ವಿಮಾ ಕಂಪನಿಗಳಿಗೇ ವಿಮೆ, ಕೊಡುವವರು ಭಯೋತ್ಪಾದನೆಯನ್ನು ಪಾಲಿಸಿಯಿಂದ ಹೊರಗಿಟ್ಟರು. ವಿಮೆ ಇಲ್ಲದ ದೊಡ್ಡ ಕಟ್ಟಡಕ್ಕೆ ಸಾಲ ಕೊಡಲು ಬ್ಯಾಂಕುಗಳು ಹಿಂಜರಿದವು. 2002ರ ನವೆಂಬರಿನಲ್ಲಿ ಅಮೆರಿಕ ಸರ್ಕಾರವೇ ನಷ್ಟದ ಪಾಲು ಹೊರುವ ಕಾನೂನು ಬಂತು. ಮೂರು ವರ್ಷಕ್ಕೆಂದು ತಂದ ಆ ಏರ್ಪಾಡನ್ನು ಮತ್ತೆ ಮತ್ತೆ ವಿಸ್ತರಿಸಲಾಗಿದೆ.