ಹಳೇ ನ್ಯಾಸ್ (ನೆಟ್‌ವರ್ಕಲ್ಲಿ ಫೈಲ್ ಇಡೋ ಡಿಸ್ಕ್ ಬಾಕ್ಸ್) ಆನ್ ಆಗ್ತಿಲ್ಲ, ಡೇಟಾ ತೆಗೆಯೋದು ಹೇಗೆ?

ಡೊಂಬಿವಲಿ ಹುಡುಗ: ಎರಡು ಡಿಸ್ಕ್, ರೇಡ್ 1 (ಎರಡರಲ್ಲೂ ಒಂದೇ ಡೇಟಾ), ಮಳೇಲಿ ಕರೆಂಟ್ ಹೋಗಿ ಬಂದ್ಮೇಲೆ ಬಾಕ್ಸ್ ಸತ್ತಿದೆ. ಒಂದು ಡಿಸ್ಕ್ ವಿಂಡೋಸ್‌ಗೆ ಹಾಕಿದ್ರೆ ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳುತ್ತೆ. ಮಾಡ್ಲಾ?

ಮಾಟುಂಗಾ ಮಾಮ: ಅಯ್ಯೋ ಒತ್ಬೇಡಿ ಮಾರಾಯ್ರೆ! ಒಳಗೆ ಸಾಮಾನ್ಯವಾಗಿ ಲಿನಕ್ಸೇ ಇರೋದು, ಫೈಲ್ ಸಿಸ್ಟಮ್ (ಡಿಸ್ಕಲ್ಲಿ ಫೈಲ್ ಜೋಡಿಸಿಡೋ ರೀತಿ) ಇಎಕ್ಸ್‌ಟಿ4 ಅಥವಾ ಎಕ್ಸ್‌ಎಫ್‌ಎಸ್, ವಿಂಡೋಸ್‌ಗೆ ಅದು ಓದೋಕೆ ಬರಲ್ಲ ಅಷ್ಟೇ. ಮೊದ್ಲು ಬಾಕ್ಸಿನ ಪವರ್ ಅಡಾಪ್ಟರ್ ಬದಲಿಸಿ ನೋಡಿ, ಮುಂಬೈ ಲ್ಯಾಮಿಂಗ್ಟನ್ ರೋಡ್ ಎಲೆಕ್ಟ್ರಾನಿಕ್ಸ್ ಬಜಾರಲ್ಲಿ ಸಿಗುತ್ತೆ, ವೋಲ್ಟೇಜ್ ಅದೇ ಇರ್ಬೇಕು, ಆಂಪಿಯರ್ ಕಮ್ಮಿ ಇರಬಾರ್ದು. ಆಗ್ಲಿಲ್ವಾ, ಉಬುಂಟು ಪೆನ್‌ಡ್ರೈವಿಂದ ಬೂಟ್ ಮಾಡಿ ಎಂಡಿಅಡ್ಮ್ ಅನ್ನೋ ಲಿನಕ್ಸ್ ರೇಡ್ ಟೂಲಲ್ಲಿ ರೀಡ್-ಓನ್ಲಿ (ಓದೋಕೆ ಮಾತ್ರ) ಅಸೆಂಬಲ್ ಮಾಡಿ, ರೇಡ್ 1 ಅಲ್ವಾ, ಒಂದೇ ಡಿಸ್ಕ್ ಸಾಕು.

ಪುಣೆ ಹುಬ್ಬಳ್ಳಿಯಂವ: ಡಿಸ್ಕ್ ಟಕ್ ಟಕ್ ಅಂತಿದ್ರ ಮುಟ್ಟಬ್ಯಾಡ್ರಿ, ಸೀದಾ ರಿಕವರಿ ಲ್ಯಾಬಿಗೆ ಕೊಡ್ರಿ. ಇಲ್ಲಾಂದ್ರ ಮೊದ್ಲ ಡಿಡಿರೆಸ್ಕ್ಯೂ ಅನ್ನೋ ಟೂಲ್‌ನಾಗ ಇಡೀ ಡಿಸ್ಕಿನ ಕಾಪಿ ತಗೊಂಡು ಕಾಪಿ ಮ್ಯಾಲೆ ಕೆಲಸ ಮಾಡ್ರಿ.

ಡೊಂಬಿವಲಿ ಹುಡುಗ: ಸದ್ಯ ಸದ್ದಿಲ್ಲ. ಸಂಜೆ ಗ್ರಾಂಟ್ ರೋಡ್ ಸ್ಟೇಷನ್ನಲ್ಲಿ ಇಳಿದು ಅಡಾಪ್ಟರ್ ತರ್ತೀನಿ.