ಒಂದೇ ಲೈನ್‌ನಲ್ಲಿ ಫೋನೂ ಫ್ಯಾಕ್ಸೂ: ಅಮ್ಮನ ಫೋನು ರಿಂಗ್ ಆಗುತ್ತಿಲ್ಲ

ಪ್ರಶ್ನೆ:
ನಮಸ್ಕಾರ. ನಾನು ಮನೆಯಲ್ಲೇ ಕೂತು ಅನುವಾದ ಮಾಡುವವಳು. ಇಬ್ಬರು ಹಳೇ ಗ್ರಾಹಕರು ಸಹಿ ಹಾಕಿದ ಕಾಗದಗಳನ್ನು ಈಗಲೂ ಫ್ಯಾಕ್ಸ್‌ನಲ್ಲೇ ಕಳಿಸುತ್ತಾರೆ. ಮನೆಗೆ ಇರುವುದು ಒಂದೇ ಲೈನು. ಫೋನು ಹಾಲ್‌ನಲ್ಲಿದೆ, ಫ್ಯಾಕ್ಸ್ ಒಳಗೆ ನನ್ನ ಕೋಣೆಯಲ್ಲಿ. ಎರಡಕ್ಕೂ ಬೇರೆ ಬೇರೆ ಸಾಕೆಟ್.

ಮೊದಲೆಲ್ಲ ಫೋನನ್ನು ಅಮ್ಮನೇ ಎತ್ತುತ್ತಿದ್ದರು. "ಯಾರೂ ಮಾತಾಡಲ್ಲ, ಆಗಾಗ ಪೀಪ್ ಅನ್ನುತ್ತೆ" ಎಂದು ಇಟ್ಟುಬಿಡುತ್ತಿದ್ದರು. ಫ್ಯಾಕ್ಸ್ ಅಲ್ಲಿಗೇ ಹೋಯಿತು. ಅದಕ್ಕೆ ಮೆಷಿನ್ನನ್ನು ಟೆಲ್/ಫ್ಯಾಕ್ಸ್ ಮೋಡ್‌ಗೆ ಹಾಕಿದೆ. ಈಗ ಹಾಲ್‌ನ ಫೋನು ಎರಡು ಸಲ ರಿಂಗ್ ಆಗಿ ನಿಂತುಹೋಗುತ್ತದೆ. ಅಮ್ಮನಿಗೆ ಮಂಡಿನೋವು, ಅಷ್ಟರಲ್ಲಿ ಎದ್ದು ಬರಲಾಗುವುದಿಲ್ಲ. ಚಿಕ್ಕಮ್ಮ ಮೂರು ದಿನ ಫೋನ್ ಮಾಡಿ ಮಾಡಿ, ನಾಲ್ಕನೇ ದಿನ ಗಾಬರಿಯಾಗಿ ಮನೆಗೇ ಬಂದರು. ಅಮ್ಮ ಇಡೀ ದಿನ ಕಾಯುವುದೇ ತಂಗಿಯ ಫೋನಿಗೆ. ಇದನ್ನು ಹೇಗಾದರೂ ಸರಿ ಮಾಡಲೇಬೇಕು. ಎರಡನೇ ಲೈನು ಹಾಕಿಸದೆ ದಾರಿ ಇದೆಯಾ?

ಉತ್ತರ 1:
ಇದೆ. ನಾನು ವರ್ಷಗಟ್ಟಲೆ ಫ್ಯಾಕ್ಸ್ ರಿಪೇರಿ ಮಾಡಿದವನು, ಈ ದೂರು ಬಹಳ ಕೇಳಿದ್ದೇನೆ. ನಿಮ್ಮ ಮೆಷಿನ್ ಕೆಟ್ಟಿಲ್ಲ. ಟೆಲ್/ಫ್ಯಾಕ್ಸ್ ಮೋಡ್‌ನಲ್ಲಿ ಅದು ತಾನೇ ಕಾಲ್ ಎತ್ತಿ ಕಿವಿಗೊಡುತ್ತದೆ. ಕಳಿಸುವ ಕಡೆಯ ಫ್ಯಾಕ್ಸ್ 1100 ಹರ್ಟ್ಸ್‌ನ ಪೀಪ್ ಹಾಕುತ್ತದೆ. ಅರ್ಧ ಸೆಕೆಂಡ್ ಸದ್ದು, ಮೂರು ಸೆಕೆಂಡ್ ಮೌನ, ಮತ್ತೆ ಸದ್ದು. ಅಮ್ಮ ಕೇಳಿಸಿಕೊಂಡಿದ್ದು ಅದನ್ನೇ. ಪೀಪ್ ಇಲ್ಲದಿದ್ದರೆ ಯಾರೋ ಮಾತಾಡಲು ಕರೆದಿದ್ದಾರೆ ಎಂದು ಮೆಷಿನ್ ತಾನೇ ರಿಂಗ್ ಮಾಡುತ್ತದೆ. ಆದರೆ ಆ ರಿಂಗ್ ಬರುವುದು ಮೆಷಿನ್ನಿನಿಂದ ಮಾತ್ರ. ಎಕ್ಸ್‌ಚೇಂಜಿನ ಲೆಕ್ಕದಲ್ಲಿ ಕಾಲ್ ಆಗಲೇ ಎತ್ತಿ ಆಗಿದೆ, ಅಲ್ವಾ? ಹಾಗಾಗಿ ಹಾಲ್‌ನ ಫೋನು ಸುಮ್ಮನಾಗುತ್ತದೆ.

ನಾನಾಗಿದ್ದರೆ ಆ ಮೋಡನ್ನೇ ಬಿಡುತ್ತಿದ್ದೆ. ಮ್ಯಾನ್ಯುಯಲ್‌ಗೆ ಹಾಕಿ. ಮೆನುವಿನಲ್ಲಿ 'ಫ್ಯಾಕ್ಸ್ ಡಿಟೆಕ್ಟ್' ಅಥವಾ 'ಈಸಿ ರಿಸೀವ್' ಥರದ್ದು ಇದ್ದರೆ ಆನ್ ಮಾಡಿ. ಫೋನು ಅಮ್ಮನೇ ಎತ್ತಲಿ. ಪೀಪ್ ಕೇಳಿದರೆ ಇಡಬಾರದು, ಹತ್ತು ಎಣಿಸುವಷ್ಟು ಹೊತ್ತು ಹಿಡಿದಿರಲಿ. ಮೆಷಿನ್ ಗುರುತು ಹಿಡಿದು ಕಾಲನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ.

ಸಾಧ್ಯವಾದರೆ ಮೆಷಿನ್ನನ್ನು ಹಾಲ್‌ಗೆ ತನ್ನಿ. ಗೋಡೆಯಿಂದ ಬರುವ ವೈರ್ 'ಲೈನ್' ಜ್ಯಾಕ್‌ಗೆ, ಫೋನಿನ ವೈರ್ 'ಇಎಕ್ಸ್‌ಟಿ' ಎಂದು ಬರೆದಿರುವ ಜ್ಯಾಕ್‌ಗೆ. ಆಗ ಪುಟ ಬರುತ್ತಿರುವಾಗ ಯಾರಾದರೂ ಫೋನ್ ಎತ್ತಿದರೂ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಬೇರೆ ಸಾಕೆಟ್‌ನ ಫೋನ್ ಎತ್ತಿದರೆ ಪುಟ ಹಾಳಾಗುತ್ತದೆ.

ಉತ್ತರ 2:
ಮನೆಯಲ್ಲಿ ಯಾರೂ ಇಲ್ಲದಾಗ ಏನು ಮಾಡುತ್ತೀರಿ? ನಮ್ಮಲ್ಲಿ ಅದಕ್ಕೆ ಆನ್ಸರಿಂಗ್ ಮೆಷಿನ್ ಇಟ್ಟಿದ್ದೇವೆ, ಅದೇ ಇಎಕ್ಸ್‌ಟಿ ಜ್ಯಾಕ್‌ನಲ್ಲಿ. ನಿಮ್ಮ ಮಾತು ರೆಕಾರ್ಡ್ ಮಾಡುವಾಗ ಶುರುವಿನಲ್ಲಿ ನಾಲ್ಕೈದು ಸೆಕೆಂಡ್ ಮೌನ ಬಿಡಿ. ಫ್ಯಾಕ್ಸ್ ಮೆಷಿನ್ನಿಗೆ ಪೀಪ್ ಕೇಳಿಸುವುದು ಆ ಮೌನದಲ್ಲೇ. ಕಾಲ್ ವೇಟಿಂಗ್ ಇದ್ದರೆ ತೆಗೆಸಿ, ಅದರ ಸದ್ದು ನಡುವೆ ನುಗ್ಗಿದರೆ ಫ್ಯಾಕ್ಸ್ ಕಡಿದುಹೋಗುತ್ತದೆ.

ಉತ್ತರ 3:
ಒಂದು ಮಾತು. ರಿಸೀವರ್ ಕೈಯಲ್ಲಿ ಹಿಡಿದು ಡಯಲ್ ಮಾಡಿ ಕಳಿಸುವವರ ಮೆಷಿನ್ ಕೆಲವು ಸಲ ಪೀಪ್ ಹಾಕುವುದೇ ಇಲ್ಲ. ಅಂಥವರು ಫೋನಿನಲ್ಲಿ ಹೇಳಿದ ಮೇಲೆ ನೀವೇ ಸ್ಟಾರ್ಟ್ ಬಟನ್ ಒತ್ತಬೇಕು.

ಪ್ರಶ್ನೆ ಕೇಳಿದವರು:
ಮೆಷಿನ್ನನ್ನು ಹಾಲ್‌ಗೆ ತಂದೆ. ಫೋನಿನ ಪಕ್ಕದ ಗೋಡೆಗೆ "ಪೀಪ್ ಬಂದರೆ ಹತ್ತು ಎಣಿಸು" ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ. ನಿನ್ನೆ ನಾನು ಸ್ನಾನಕ್ಕೆ ಹೋದಾಗ ಫ್ಯಾಕ್ಸ್ ಬಂತು. ಅಮ್ಮ ಗಟ್ಟಿಯಾಗಿ ಎಣಿಸುವುದು ಬಚ್ಚಲಿಗೇ ಕೇಳಿಸಿತು. ಆರು ಪುಟವೂ ಸ್ಪಷ್ಟವಾಗಿ ಬಂದಿವೆ. ಸಂಜೆ ಚಿಕ್ಕಮ್ಮನ ಫೋನು ಏಳು ಸಲ ರಿಂಗ್ ಆಯಿತು, ಅಮ್ಮ ನಿಧಾನವಾಗಿ ಎದ್ದು ಹೋಗಿ ಎತ್ತಿದರು. ನಿಮಗೆಲ್ಲ ತುಂಬಾ ಥ್ಯಾಂಕ್ಸ್. ಇನ್ನೊಬ್ಬ ಗ್ರಾಹಕರ ಫ್ಯಾಕ್ಸ್ ಮಾತ್ರ ಇನ್ನೂ ಬಂದಿಲ್ಲ. ಅವರು ರಿಸೀವರ್ ಎತ್ತಿಯೇ ಡಯಲ್ ಮಾಡುತ್ತಾರಂತೆ. ನಾಳೆ ಕಳಿಸುವಾಗ ಸ್ಟಾರ್ಟ್ ಒತ್ತಿ ನೋಡುತ್ತೇನೆ.