ಅಪ್‌ಡೇಟ್: ಮಿನಿಕಾಮ್‌ನಲ್ಲಿ ಈಗ ಟೈಪ್ ಆಗ್ತಿದೆ

ಸೀರಿಯಲ್ ಕೇಬಲ್ ಮೂಲಕ ಸರ್ಕ್ಯೂಟ್ ಬೋರ್ಡ್ ಜೊತೆ ಮಾತಾಡೋಕೆ ಲಿನಕ್ಸ್‌ನಲ್ಲಿ ಬಳಸೋ ಪ್ರೋಗ್ರಾಂ ಮಿನಿಕಾಮ್. ಅದರಲ್ಲಿ ಬೋರ್ಡ್‌ನ ಬೂಟ್ ಮೆಸೇಜ್ ಎಲ್ಲ ಸರಿಯಾಗಿ ಬರುತ್ತೆ, ಆದರೆ ಲಾಗಿನ್ ಹತ್ತಿರ ಏನು ಟೈಪ್ ಮಾಡಿದರೂ ಹೋಗಲ್ಲ ಅಂತ ಕೇಳಿದ್ದೆನಲ್ಲ, ಅದು ಸರಿಹೋಯಿತು. ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ (ಯಾವಾಗ ಡೇಟಾ ಕಳಿಸಬಹುದು ಅಂತ ಬೇರೆ ತಂತಿಗಳಲ್ಲಿ ಸೂಚಿಸೋ ವ್ಯವಸ್ಥೆ) ಆನ್ ಇತ್ತು. ನನ್ನ ಕೇಬಲ್‌ನಲ್ಲಿ ಇರೋದು ಟಿಎಕ್ಸ್ (ಕಳಿಸೋದು), ಆರ್‌ಎಕ್ಸ್ (ಪಡೆಯೋದು), ಗ್ರೌಂಡ್ ಮೂರೇ ತಂತಿ. ಸಿಟಿಎಸ್, ಅಂದರೆ 'ಈಗ ಕಳಿಸಬಹುದು' ಅನ್ನೋ ಸಿಗ್ನಲ್ ಬಂದರೆ ಕಳಿಸೋಣ ಅಂತ ಪೋರ್ಟ್ ಸುಮ್ನೆ ಕಾಯ್ತಾ ಕೂತಿತ್ತು, ಆ ತಂತಿಯೇ ಇಲ್ಲದಿದ್ದರೆ ಬರೋದೆಲ್ಲಿಂದ?

ಕಂಟ್ರೋಲ್-ಎ ಒತ್ತಿ ಬಿಟ್ಟು ಓ ಒತ್ತಿ, ಸೀರಿಯಲ್ ಪೋರ್ಟ್ ಸೆಟಪ್‌ಗೆ ಹೋಗಿ, ಎಫ್ ಒತ್ತಿ 'ನೋ' ಮಾಡಿದೆ. ಅಷ್ಟೇ! ಸೇವ್ ಮಾಡೋದು ಮರೀಬೇಡಿ, ಇಲ್ಲದಿದ್ದರೆ ಮುಂದಿನ ಸಲ ಮತ್ತೆ ಅದೇ ಗೋಳು. ಬಾಡ್ ರೇಟ್ (ಡೇಟಾ ಹೋಗೋ ವೇಗ) 115200 ಮೊದಲಿಂದಲೂ ಸರಿಯಾಗೇ ಇತ್ತು, ಅದು ತಪ್ಪಿದ್ದರೆ ಪರದೆ ಮೇಲೆ ಕಸದಂಥ ಅಕ್ಷರ ಬರುತ್ತಿತ್ತು. ಇನ್ನು ಸುಡೋ (ಅಡ್ಮಿನ್ ಅಧಿಕಾರದಲ್ಲಿ ಕಮಾಂಡ್ ನಡೆಸೋದು) ಇಲ್ಲದೆ ಪೋರ್ಟ್ ತೆರೆಯೋಕೆ ನನ್ನ ಯೂಸರ್ ಅನ್ನು ಸೀರಿಯಲ್ ಪೋರ್ಟ್ ಬಳಸೋ ಅನುಮತಿ ಇರೋ ಡಯಲ್‌ಔಟ್ ಗುಂಪಿಗೆ ಸೇರಿಸಿಕೊಂಡೆ, ಲಾಗ್‌ಔಟ್ ಆಗಿ ಬಂದ ಮೇಲೆ ಅದೂ ಕೆಲಸ ಮಾಡಿತು.